ಮೊದಲ ಸಲ ರೇಂಜಿಗೆ: ಹೊಸಬರ ಕೈಗೆ ಬಂದೂಕು ಕೊಡುವ ಮುಂಚೆ, ಕೊಟ್ಟ ಮೇಲೆ

ನನ್ನ ಕೈಗೆ ಮೊದಲ ಸಲ ಪಿಸ್ತೂಲು ಕೊಟ್ಟವರಿಗೆ ಬೇಕಿದ್ದದ್ದು ತಮಾಷೆ. ಅವತ್ತು ಅಲ್ಲಿದ್ದವುಗಳಲ್ಲೇ ದೊಡ್ಡದನ್ನು ಆರಿಸಿ, "ಹೊಡಿ, ಏನೂ ಆಗಲ್ಲ" ಅಂದರು. ಹೊಡೆದೆ. ಕಿವಿ ಗುಂಯ್ ಅಂದಿತು. ಕೈ ಹಣೆಯವರೆಗೆ ಎದ್ದಿತು. ಹಿಂದೆ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಂಡು ಎಲ್ಲಿ ಹೋಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚಿ ಮೈ ಬಿಗಿ ಹಿಡಿಯುವ ಚಟ ಅವತ್ತು ಅಂಟಿಕೊಂಡಿತು. ಅದನ್ನು ಬಿಡಿಸಿಕೊಳ್ಳಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ಆಮೇಲೆ ನಾನೇ ಹಲವರನ್ನು ರೇಂಜಿಗೆ, ಅಂದರೆ ಗುಂಡು ಹೊಡೆಯುವ ಅಭ್ಯಾಸದ ಜಾಗಕ್ಕೆ, ಕರೆದುಕೊಂಡು ಹೋದೆ. ಗೆಳೆಯರು, ಜೊತೆ ಕೆಲಸ ಮಾಡುವವರು, ಕೊನೆಗೆ ನನ್ನ ಅಕ್ಕ. ಹಾಗೆ ಕರೆದುಕೊಂಡು ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವೇ ಹೊಸಬರಾಗಿದ್ದರೂ ಓದಿ. ನಿಮ್ಮ ಪಕ್ಕ ನಿಂತವರು ಸರಿಯಾಗಿ ಹೇಳಿಕೊಡುತ್ತಿದ್ದಾರಾ, ಇಲ್ಲ ಸುಮ್ನೆ ತಮ್ಮ ಶೋಕಿ ತೋರಿಸುತ್ತಿದ್ದಾರಾ ಅಂತ ಗೊತ್ತಾಗುತ್ತದೆ.

ನನ್ನ ಅನುಭವದಲ್ಲಿ ಮೊದಲ ದಿನ ಎಷ್ಟು ಕಡಿಮೆ ಹೇಳಿ, ಎಷ್ಟು ಕಡಿಮೆ ಹೊಡೆಸುತ್ತೀರೋ ಅಷ್ಟು ಒಳ್ಳೆಯದು.

ಹೊರಡುವ ಮುಂಚೆ

ರೇಂಜಿಗೆ ಮೊದಲೇ ಒಂದು ಫೋನ್ ಮಾಡಿ. ಸದಸ್ಯರಲ್ಲದವರನ್ನು ಒಳಗೆ ಬಿಡುತ್ತಾರಾ, ಎಷ್ಟು ವಯಸ್ಸಾಗಿರಬೇಕು, ಯಾವ ಗುರುತಿನ ಚೀಟಿ ಬೇಕು, ಅಲ್ಲಿಯ ಬಂದೂಕನ್ನೇ ಬಳಸಬಹುದಾ ಅಂತ ಕೇಳಿ. ಕಾನೂನು ಒಂದೊಂದು ಕಡೆ ಒಂದೊಂದು ಥರ. ಏರ್ ರೈಫಲ್‌ಗೆ ಲೈಸೆನ್ಸ್ ಕೇಳದ ದೇಶಗಳೂ ಇವೆ, ಕೇಳುವ ದೇಶಗಳೂ ಇವೆ. "ಅಲ್ಲಿ ಹೋಗಿ ನೋಡ್ಕೊಂಡ್ರಾಯ್ತು" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಜನ ಕಡಿಮೆ ಇರುವ ಹೊತ್ತು ಯಾವುದು ಅಂತಲೂ ಕೇಳಿಕೊಳ್ಳಿ. ಪಕ್ಕದ ಲೇನಿನಲ್ಲಿ ಯಾರೋ ದೊಡ್ಡ ಬಂದೂಕು ಸಿಡಿಸುತ್ತಿದ್ದರೆ ನಿಮ್ಮ ಹೊಸಬರು ಪ್ರತಿ ಸದ್ದಿಗೂ ಬೆಚ್ಚುತ್ತಾರೆ. ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು.

ಒಬ್ಬರನ್ನು ಮಾತ್ರ ಕರೆದುಕೊಂಡು ಹೋಗಿ. ಇಬ್ಬರು ಬಂದರೆ ಒಬ್ಬರು ಹೊಡೆಯುವಾಗ ಇನ್ನೊಬ್ಬರು ಹಿಂದೆ ನಿಂತು ಮೊಬೈಲ್ ಹಿಡಿಯುತ್ತಾರೆ. ಮೊಬೈಲ್ ನೋಡಿದ ತಕ್ಷಣ ಹೊಡೆಯುವವರ ಮನಸ್ಸು ಗುರಿಯ ಮೇಲೆ ಇರುವುದಿಲ್ಲ. ನಿಮ್ಮ ಸ್ವಂತ ಬಂದೂಕು ಮನೆಯಲ್ಲೇ ಇರಲಿ. ಅದು ನಿಮ್ಮ ದಿನ ಅಲ್ಲ. ಒಂದು ಕಣ್ಣು ನಿಮ್ಮ ಸ್ಕೋರ್ ಮೇಲೆ, ಇನ್ನೊಂದು ಹೊಸಬರ ಮೇಲೆ ಇಟ್ಟುಕೊಂಡು ಈ ಕೆಲಸ ಆಗುವುದಿಲ್ಲ.

ಬಟ್ಟೆಯ ವಿಚಾರ ಚಿಕ್ಕದು, ಆದರೆ ಹೇಳದೆ ಬಿಡಬೇಡಿ. ಕುತ್ತಿಗೆ ಮುಚ್ಚುವ ಅಂಗಿ, ಬೆರಳು ಮುಚ್ಚುವ ಶೂ. ಗುಂಡು ಸಿಡಿದ ಮೇಲೆ ಹೊರಗೆ ಹಾರುವ ಹಿತ್ತಾಳೆಯ ಖಾಲಿ ಕಾರ್ತೂಸು ಸುಡುಸುಡು ಬಿಸಿ ಇರುತ್ತದೆ. ಅದು ಅಂಗಿಯೊಳಗೆ ಬಿದ್ದರೆ ಮನುಷ್ಯ ಕುಣಿಯುತ್ತಾನೆ. ಕೈಯಲ್ಲಿ ಬಂದೂಕು ಹಿಡಿದು ಕುಣಿಯುವುದು ಎಷ್ಟು ಅಪಾಯ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಏರ್ ರೈಫಲ್‌ನಲ್ಲಿ ಈ ತಾಪತ್ರಯ ಇಲ್ಲ.

ನಿದ್ದೆಗೆಟ್ಟಿದ್ದರೆ, ಕುಡಿದಿದ್ದರೆ, ಮಂಪರು ಬರಿಸುವ ಮಾತ್ರೆ ತೆಗೆದುಕೊಂಡಿದ್ದರೆ ಇನ್ನೊಂದು ದಿನ ಹೋಗಿ. ಇದು ನಿಮಗೂ ಅನ್ವಯಿಸುತ್ತದೆ, ಅವರಿಗೂ ಅನ್ವಯಿಸುತ್ತದೆ.

ಯಾವುದರಿಂದ ಶುರು ಮಾಡಬೇಕು

10 ಮೀಟರ್ ರೇಂಜ್, 4.5 ಮಿಲಿಮೀಟರ್ ಏರ್ ರೈಫಲ್. ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ. ಸಿಡಿಮದ್ದು ಇಲ್ಲ, ಬರೀ ಗಾಳಿಯ ಒತ್ತಡ. ಹೆಗಲಿಗೆ ಒದೆ ಬರುವುದಿಲ್ಲ ಅಂದರೂ ನಡೆಯುತ್ತದೆ. ಸದ್ದು ಒಂದು ಚಪ್ಪಾಳೆಯಷ್ಟು. ಇದರ ಪುಟ್ಟ ಸೀಸದ ಗುಂಡು, ಅಂದರೆ ಪೆಲೆಟ್, ಅರ್ಧ ಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತದೆ. ಹಾಗಂತ ಇದು ಆಟಿಕೆ ಅಲ್ಲ. ಕಣ್ಣು ಕಳೆಯುವ ಶಕ್ತಿ ಅದಕ್ಕಿದೆ. ಒಲಿಂಪಿಕ್ಸ್‌ನಲ್ಲಿ 1984ರಿಂದ ಇದರದ್ದೇ ಸ್ಪರ್ಧೆ ನಡೆಯುತ್ತಿದೆ. "ಚಿಕ್ಕ ಮಕ್ಕಳ ಬಂದೂಕು ಕೊಟ್ಟುಬಿಟ್ಟೆಯಲ್ಲ" ಅಂತ ಯಾರಾದರೂ ಮುಖ ಸಿಂಡರಿಸಿದರೆ ಈ ಮಾತು ಹೇಳಿ.

ಏರ್ ರೈಫಲ್‌ಗಳಲ್ಲೂ ಎರಡು ಜಾತಿ ನಿಮಗೆ ಸಿಗಬಹುದು. ಸಿಲಿಂಡರಿನಲ್ಲಿ ಗಾಳಿ ತುಂಬಿಸಿಟ್ಟ ಮಾದರಿ ಶಾಂತವಾಗಿರುತ್ತದೆ, ಹೊಸಬರಿಗೆ ಇದೇ ಒಳ್ಳೆಯದು. ನಳಿಗೆಯನ್ನು ಕೆಳಕ್ಕೆ ಬಗ್ಗಿಸಿ ಸ್ಪ್ರಿಂಗ್ ಎಳೆಯುವ ಮಾದರಿ ಒಳಗೊಳಗೇ ಹಿಂದೆ ಮುಂದೆ ಒದೆಯುತ್ತದೆ. ಅದನ್ನು ಬಿಗಿಯಾಗಿ ಹಿಡಿದರೆ ಗುರಿ ಚೆದುರುತ್ತದೆ, ಅಂಗೈ ಮೇಲೆ ಹಗುರವಾಗಿ ಮಲಗಿಸಬೇಕು. ಪೆಲೆಟ್ ಹಾಕುವಾಗ ನಳಿಗೆಯನ್ನು ಒಂದು ಕೈಯಲ್ಲಿ ಹಿಡಿದೇ ಇರಬೇಕು. ಸ್ಪ್ರಿಂಗ್ ಜಾರಿ ನಳಿಗೆ ಪಟ್ಟಂತ ಮುಚ್ಚಿದರೆ ಬೆರಳು ಹೋಗುತ್ತದೆ. ಹೊಸಬರ ಕೈಯಲ್ಲಿ ಇದನ್ನು ಎಳೆಸಬೇಡಿ, ನೀವೇ ಎಳೆದು ಕೊಡಿ.

ಏರ್ ರೈಫಲ್ ಸಿಗದಿದ್ದರೆ .22 ರೈಫಲ್. ಗುಂಡು 5.6 ಮಿಲಿಮೀಟರ್, ಒದೆ ಕಡಿಮೆ. ಆದರೆ ಇದು ಮದ್ದಿನ ಬಂದೂಕು. ಈ ಪುಟ್ಟ ಗುಂಡು ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದು. ಪಿಸ್ತೂಲನ್ನು ಮೊದಲ ದಿನ ನಾನು ಯಾರಿಗೂ ಕೊಡುವುದಿಲ್ಲ. ರೈಫಲ್ ಉದ್ದ ಇರುತ್ತದೆ, ಹೆಗಲಿಗೆ ಆನಿಸಿರುತ್ತದೆ, ತಿರುಗಿಸಬೇಕಾದರೆ ಇಡೀ ಮೈ ತಿರುಗಬೇಕು. ಪಿಸ್ತೂಲಿಗೆ ಮಣಿಕಟ್ಟು ಸ್ವಲ್ಪ ಹೊರಳಿದರೆ ಸಾಕು, ನಳಿಗೆಯ ಬಾಯಿ ಪಕ್ಕದವರ ಕಡೆ ತಿರುಗಿರುತ್ತದೆ.

ನಾಲ್ಕು ನಿಯಮ, ಅದೂ ಮನೆಯಲ್ಲೇ

ರೇಂಜಿನ ಗದ್ದಲದಲ್ಲಿ ಯಾರಿಗೂ ಏನೂ ತಲೆಗೆ ಹೋಗುವುದಿಲ್ಲ. ಹಿಂದಿನ ದಿನವೇ ಕೂತು ಹೇಳಿ. ಪ್ರತಿ ಬಂದೂಕಿನಲ್ಲೂ ಗುಂಡಿದೆ ಅಂತಲೇ ತಿಳಿದು ನಡೆದುಕೊಳ್ಳಬೇಕು. ಹೊಡೆಯಲು ಇಷ್ಟವಿಲ್ಲದ ಯಾವುದರ ಕಡೆಗೂ ನಳಿಗೆ ತಿರುಗಬಾರದು. ಗುರಿ ಕೂರುವವರೆಗೆ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಗುರಿ ಯಾವುದು, ಅದರ ಹಿಂದೆ ಏನಿದೆ ಅಂತ ಗೊತ್ತಿರಬೇಕು. ಇಷ್ಟೇ.

ಹೇಳಿದರೆ ಸಾಲದು, ಮಾಡಿಸಬೇಕು. ನಾನು ಒಂದು ಉದ್ದದ ಕೋಲು ಕೊಟ್ಟು, "ಈಗ ಇದನ್ನ ಹಿಡ್ಕೊಂಡು ನನ್ನ ಜೊತೆ ಮಾತಾಡು" ಅನ್ನುತ್ತೇನೆ. ಎರಡು ನಿಮಿಷದಲ್ಲಿ ಕೋಲಿನ ತುದಿ ನನ್ನ ಹೊಟ್ಟೆ ನೋಡುತ್ತಿರುತ್ತದೆ. ಆಗ ಬಾಯಿಬಿಟ್ಟು ಏನೂ ಹೇಳುವುದಿಲ್ಲ, ತುದಿಯನ್ನು ಬೆರಳಿನಿಂದ ಮುಟ್ಟಿ ತೋರಿಸುತ್ತೇನೆ. ಅವರ ಮುಖ ಸಣ್ಣಗಾಗುತ್ತದೆ. ಮರುದಿನ ರೇಂಜಿನಲ್ಲಿ ಅದೇ ಮನುಷ್ಯ ನಳಿಗೆಯನ್ನು ಎಷ್ಟು ಜೋಪಾನ ಮಾಡುತ್ತಾರೆ ಅಂದರೆ, ನನಗೇ ನಗು ಬರುತ್ತದೆ.

ಬಂದೂಕನ್ನು ಕೈಯಿಂದ ಕೈಗೆ ಕೊಡಬೇಡಿ. ನಳಿಗೆ ಗುರಿಯ ಕಡೆ ಇರುವಂತೆ ಮೇಜಿನ ಮೇಲೆ ಇಡಿ, ಹಿಂದೆ ಸರಿಯಿರಿ, ಅವರು ತೆಗೆದುಕೊಳ್ಳಲಿ. ಇನ್ನೊಂದು ಮಾತು: ಕೈ ಜಾರಿ ಬಂದೂಕು ಬಿದ್ದರೆ ಬೀಳಲಿ. ಹಿಡಿಯಲು ಹೋದರೆ ಬೆರಳು ನೇರ ಟ್ರಿಗರ್‌ಗೇ ಹೋಗುತ್ತದೆ.

ರೇಂಜಿನೊಳಗೆ

ಮೊದಲು ರೇಂಜಿನ ಮೇಲ್ವಿಚಾರಕರ ಹತ್ತಿರ ಹೋಗಿ "ಇವರು ಇವತ್ತೇ ಮೊದಲು" ಅಂತ ಹೇಳಿ. ನಾಚಿಕೆ ಬೇಡ. ಅವರು ತುದಿಯ ಲೇನ್ ಕೊಡುತ್ತಾರೆ, ಒಂದು ಕಣ್ಣು ನಿಮ್ಮ ಮೇಲೂ ಇಟ್ಟಿರುತ್ತಾರೆ. ಕನ್ನಡಕ ಮತ್ತು ಕಿವಿ ರಕ್ಷಣೆ ಹಾಕಿಕೊಂಡೇ ಒಳಗೆ ಹೋಗಿ. ಏರ್ ರೈಫಲ್‌ಗೆ ಕನ್ನಡಕ ಯಾಕೆ ಅಂತ ಕೇಳುತ್ತಾರೆ. ಸೀಸದ ಪೆಲೆಟ್ ಗಟ್ಟಿ ಜಾಗಕ್ಕೆ ತಾಗಿದರೆ ಚೂರು ವಾಪಸ್ ಬರಬಹುದು, ಅದಕ್ಕೆ. ಮದ್ದಿನ ಬಂದೂಕಾದರೆ ಕಿವಿ ಮುಚ್ಚದೆ ನಿಲ್ಲುವ ಮಾತೇ ಇಲ್ಲ. ಬಹುತೇಕ ಬಂದೂಕುಗಳ ಸದ್ದು 140 ಡೆಸಿಬೆಲ್ ದಾಟುತ್ತದೆ, ಅಷ್ಟು ಸದ್ದು ಒಂದೇ ಸಲಕ್ಕೆ ಕಿವಿ ಕೆಡಿಸಬಹುದು. ಮುಚ್ಚಿದ ಕಟ್ಟಡದಲ್ಲಿ ದೊಡ್ಡ ಬಂದೂಕುಗಳಿದ್ದರೆ ಕಿವಿಯೊಳಗೆ ಪ್ಲಗ್, ಮೇಲೆ ಮಫ್, ಎರಡೂ ಇರಲಿ.

ಅಲ್ಲಿ ಕೂಗುವ ಆದೇಶಗಳು ನಾಲ್ಕೈದು ಇರುತ್ತವೆ. ಲೋಡ್, ಸ್ಟಾರ್ಟ್, ಸ್ಟಾಪ್, ಅನ್‌ಲೋಡ್. ಹೊಸಬರಿಗೆ ಇವುಗಳಲ್ಲಿ ಒಂದನ್ನು ಮಾತ್ರ ಗಟ್ಟಿ ಮಾಡಿಸಿ: ಸ್ಟಾಪ್. ಯಾರು ಕೂಗಿದರೂ ಸರಿ, ಯಾಕೆ ಕೂಗಿದರು ಅಂತ ಯೋಚಿಸಬಾರದು. ಬೆರಳು ಹೊರಗೆ, ಗುಂಡು ಹೊರಗೆ, ಬಂದೂಕು ಕೆಳಗೆ, ಎರಡು ಹೆಜ್ಜೆ ಹಿಂದೆ. ಗುರಿಯ ಕಡೆ ಜನ ಹೋಗಿರುವಾಗ ಮೇಜಿನ ಮೇಲಿನ ಬಂದೂಕನ್ನು ಮುಟ್ಟುವ ಹಾಗಿಲ್ಲ, ಅದರ ಡಬ್ಬಿಯನ್ನೂ ಮುಟ್ಟುವ ಹಾಗಿಲ್ಲ. ಖಾಲಿ ಇದೆ ಅಂತ ತೋರಿಸಲು ಬಣ್ಣದ ಸೇಫ್ಟಿ ಫ್ಲ್ಯಾಗ್ ಸಿಕ್ಕಿಸಿಟ್ಟಿರುತ್ತಾರೆ. ಅದು ಏನು ಅಂತ ತೋರಿಸಿ.

ಯಾವ ಕಣ್ಣು?

ಇದನ್ನು ಬಹಳ ಜನ ಮರೆಯುತ್ತಾರೆ. ನಾನೂ ಮರೆತಿದ್ದೆ. ಅಕ್ಕ ಮೊದಲ ಐದು ಪೆಲೆಟ್ ಹೊಡೆದಾಗ ಒಂದೂ ಕಾಗದಕ್ಕೆ ತಾಗಲಿಲ್ಲ. "ಏನೋ ಇದು, ನನಗೆ ಎರಡೆರಡು ಕಾಣ್ತಿದೆ" ಅಂದಳು. ನಾನು ಉಸಿರಿನ ಬಗ್ಗೆ, ಟ್ರಿಗರ್ ಬಗ್ಗೆ ಉಪದೇಶ ಮಾಡುತ್ತಲೇ ಇದ್ದೆ. ಆಮೇಲೆ ಹೊಳೆಯಿತು. ಅವಳದ್ದು ಬಲಗೈ, ಆದರೆ ಎಡಗಣ್ಣು.

ಕೈಯಲ್ಲಿ ಎಡ ಬಲ ಇರುವ ಹಾಗೆ ಕಣ್ಣಿನಲ್ಲೂ ಒಂದು ಮುಂದಾಳು ಇರುತ್ತದೆ. ಕಂಡುಹಿಡಿಯುವುದು ಸುಲಭ. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಒಂದು ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ದೂರದ ಒಂದು ಗುಂಡಿಯನ್ನೋ ಸ್ವಿಚ್ಚನ್ನೋ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ವಸ್ತು ಅಲ್ಲೇ ಇರುತ್ತದೋ ಅದು ಮುಂದಾಳು.

ಕೈ ಕಣ್ಣು ಒಂದೇ ಕಡೆ ಇದ್ದರೆ ಚಿಂತೆ ಇಲ್ಲ. ಬೇರೆ ಬೇರೆ ಇದ್ದರೆ, ಅದರಲ್ಲೂ ರೈಫಲ್‌ಗೆ, ಕಣ್ಣಿನ ಕಡೆಯ ಹೆಗಲಿಗೇ ಬಂದೂಕು ಕೊಟ್ಟು ನೋಡಿ. ಹೊಸಬರಿಗೆ ಎರಡೂ ಕಡೆ ಹೊಸದೇ ಅಲ್ವಾ? ಹಳೆ ಅಭ್ಯಾಸ ಬಿಡಿಸುವ ಕಷ್ಟ ಇಲ್ಲ. ಹಂಗೇರಿಯ ಕಾರೊಲಿ ಟಕಾಚ್ ಬಲಗೈ ಪಿಸ್ತೂಲುಗಾರ. 1938ರಲ್ಲಿ ಗ್ರೆನೇಡ್ ಸಿಡಿದು ಆ ಕೈ ಹಾಳಾಯಿತು. ಎಡಗೈಯಲ್ಲಿ ಮೊದಲಿನಿಂದ ಕಲಿತು 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಕೈ ಬದಲಾಯಿಸಲು ಸಾಧ್ಯವೇ ಇಲ್ಲ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಬಳಸದ ಕಣ್ಣಿನ ಮುಂದೆ, ಕನ್ನಡಕದ ಗಾಜಿಗೆ ಮಸುಕು ಸೆಲೋ ಟೇಪ್ ಅಂಟಿಸಿ. ಕಪ್ಪು ಬೇಡ. ಒಂದು ಕಣ್ಣಿಗೆ ಪೂರ್ತಿ ಕತ್ತಲಾದರೆ ಇನ್ನೊಂದರ ಪಾಪೆಯೂ ಹಿಗ್ಗುತ್ತದೆ. ಕಣ್ಣು ಕಿವುಚಿ ಮುಚ್ಚುವುದೂ ಬೇಡ, ಹತ್ತು ನಿಮಿಷಕ್ಕೆ ಮುಖ ಸೋಲುತ್ತದೆ.

ಅಕ್ಕನಿಗೆ ಎಡ ಹೆಗಲು ಒಗ್ಗಲಿಲ್ಲ. ಟೇಪ್ ಅಂಟಿಸಿದೆವು. ಆರನೇ ಪೆಲೆಟ್ ಕಾಗದಕ್ಕೆ ತಾಗಿತು.

ಕೂರಿಸಿ, ಆನಿಸಿ

ಏರ್ ರೈಫಲ್ ಸ್ಪರ್ಧೆಯಲ್ಲಿ ಎಲ್ಲರೂ ನಿಂತೇ ಹೊಡೆಯುತ್ತಾರೆ ಅಂತ ಹೊಸಬರನ್ನೂ ನಿಲ್ಲಿಸುವವರಿದ್ದಾರೆ. ಮ್ಯಾಚ್ ರೈಫಲ್, ಅಂದರೆ ಸ್ಪರ್ಧೆಯ ರೈಫಲ್, ನಾಲ್ಕೈದು ಕಿಲೋ ತೂಗುತ್ತದೆ. ಅಭ್ಯಾಸವಿಲ್ಲದ ತೋಳು ಎರಡು ನಿಮಿಷಕ್ಕೆ ನಡುಗುತ್ತದೆ. ನಡುಗುವ ತೋಳಿನಲ್ಲಿ ಟ್ರಿಗರ್ ಕಲಿಯಲು ಆಗುವುದಿಲ್ಲ. ಕುರ್ಚಿ ಹಾಕಿ, ಮೇಜಿನ ಮೇಲೆ ಮರಳಿನ ಚೀಲ ಇಟ್ಟು ರೈಫಲ್‌ನ ಮುಂಭಾಗವನ್ನು ಅದರ ಮೇಲೆ ಮಲಗಿಸಿ. ನಳಿಗೆ ಚೀಲಕ್ಕೆ ತಾಗಬಾರದು, ಅದರ ಕೆಳಗಿನ ಮರದ ಭಾಗ ಮಾತ್ರ ತಾಗಬೇಕು. ಮೊದಲ ದಿನ ಪೂರ್ತಿ ಹೀಗೇ ಕಳೆದರೂ ನಷ್ಟವಿಲ್ಲ.

ಕೂತ ಮೇಲೆ ಒಂದು ಪರೀಕ್ಷೆ. ಗುರಿ ಹಿಡಿಸಿ, ಕಣ್ಣು ಮುಚ್ಚಿಸಿ, ಎರಡು ಉಸಿರು ಬಿಡಿಸಿ, ಕಣ್ಣು ತೆರೆಸಿ. ಬಂದೂಕು ಈಗ ಎತ್ತ ನೋಡುತ್ತಿದೆ? ಎಡಕ್ಕೆ ಸರಿದಿದ್ದರೆ ಕೈಯಿಂದ ಬಲಕ್ಕೆ ತಳ್ಳಬಾರದು. ಕುರ್ಚಿ ಸ್ವಲ್ಪ ತಿರುಗಿಸಬೇಕು. ನಿಂತಿದ್ದರೆ ಕಾಲು ಸರಿಸಬೇಕು. ಮೈ ತಾನಾಗಿ ನೋಡುವ ದಿಕ್ಕಿನಲ್ಲೇ ಗುರಿ ಇರಬೇಕು. ತೋಳಿನಿಂದ ಎಳೆದು ಹಿಡಿದ ಗುರಿ ಟ್ರಿಗರ್ ಬೀಳುವ ಕ್ಷಣಕ್ಕೆ ವಾಪಸ್ ಜಾರುತ್ತದೆ.

ನೀವು ಎಲ್ಲಿ ನಿಲ್ಲಬೇಕು? ಅವರ ಟ್ರಿಗರ್ ಕೈ ಇರುವ ಕಡೆ, ಅರ್ಧ ಹೆಜ್ಜೆ ಹಿಂದೆ. ನಿಮ್ಮ ಕೈ ಚಾಚಿದರೆ ಬಂದೂಕಿಗೆ ಸಿಗಬೇಕು. ಕಾರಣ ಮುಂದೆ ಹೇಳುತ್ತೇನೆ.

ಕಣ್ಣು ಎಲ್ಲಿ, ಬೆರಳು ಎಲ್ಲಿ

ಸಮಯ ಇದ್ದರೆ ಪೂರ್ತಿ ಇಲ್ಲೇ ಹಾಕಿ. ಉಳಿದದ್ದೆಲ್ಲ ನಿಧಾನಕ್ಕೆ ಬರುತ್ತದೆ.

ಹೊಸಬರು ಗುರಿಯನ್ನು ನೋಡುತ್ತಾರೆ. ಅದು ಸಹಜ, ಆದರೆ ತಪ್ಪು. ಕಣ್ಣಿಗೆ ಒಂದೇ ಸಲಕ್ಕೆ ಒಂದೇ ದೂರ ಸ್ಪಷ್ಟ ಕಾಣುವುದು. ಗುರಿ ಹಿಡಿಯಲು ಬಂದೂಕಿನ ಮೇಲೆ ಹಿಂದೊಂದು ಮುಂದೊಂದು ಗುರುತು ಇರುತ್ತದೆ, ಅದಕ್ಕೆ ಸೈಟ್ ಅನ್ನುತ್ತಾರೆ. ಸ್ಪಷ್ಟ ಕಾಣಬೇಕಾದದ್ದು ಮುಂದಿನ ಸೈಟ್. ಗುರಿ ಮಸುಕು ಬೂದಿ ಉಂಡೆಯ ಹಾಗೆ ಕಂಡರೆ ಸರಿ. ಮ್ಯಾಚ್ ರೈಫಲ್‌ನಲ್ಲಿ ಹಿಂದೆ ಸಣ್ಣ ತೂತು, ಮುಂದೆ ಉಂಗುರ ಇರುತ್ತದೆ. ತೂತಿನ ನಡುವೆ ಉಂಗುರ, ಉಂಗುರದ ನಡುವೆ ಕಪ್ಪು ಚುಕ್ಕೆ. ಸುತ್ತಲೂ ಬಿಳಿ ಅಂಚು ಒಂದೇ ಸಮ. ತೆರೆದ ಸೈಟ್ ಆದರೆ ಮುಂದಿನ ಕಡ್ಡಿಯ ತಲೆ ಹಿಂದಿನ ಕಚ್ಚಿನ ಮಟ್ಟಕ್ಕೆ ಬರಬೇಕು, ಎರಡೂ ಪಕ್ಕ ಬೆಳಕು ಸಮ ಇರಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಲೆಕ್ಕ ನೋಡಿ. ಎರಡು ಸೈಟ್‌ಗಳ ನಡುವೆ 33 ಸೆಂಟಿಮೀಟರ್ ಅಂತರ ಇದೆ ಅಂದುಕೊಳ್ಳಿ. ಬಂದೂಕು ಇಡಿಯಾಗಿ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುರಿಯಲ್ಲೂ 1 ಮಿಲಿಮೀಟರ್ ತಪ್ಪು. ಆದರೆ ಹಿಂದಿನ ಸೈಟ್ ಅಲ್ಲೇ ಇದ್ದು ಮುಂದಿನದು ಮಾತ್ರ 1 ಮಿಲಿಮೀಟರ್ ಸರಿದರೆ, 10 ಮೀಟರ್ ದೂರದಲ್ಲಿ 30 ಮಿಲಿಮೀಟರ್ ತಪ್ಪು. ಅದಕ್ಕೇ ಬಂದೂಕು ಅಲ್ಲಾಡುತ್ತಿದೆ ಅಂತ ಹೆದರಬೇಡಿ ಅಂತ ಹೇಳಿ. ಎಲ್ಲರದ್ದೂ ಅಲ್ಲಾಡುತ್ತದೆ. ಎರಡು ಸೈಟ್ ಒಂದಕ್ಕೊಂದು ಸರಿ ಕೂತಿದ್ದರೆ ಆ ಅಲ್ಲಾಟ ಅಷ್ಟು ಕೆಡಿಸುವುದಿಲ್ಲ.

ಇನ್ನು ಬೆರಳು. ತುದಿಬೆರಳಿನ ಮೆತ್ತಗಿನ ಭಾಗ ಮಾತ್ರ ಟ್ರಿಗರ್ ಮೇಲೆ. ನೇರ ಹಿಂದಕ್ಕೆ. "ಎಳಿ" ಅನ್ನುವ ಪದವನ್ನೇ ನಾನು ಬಳಸುವುದಿಲ್ಲ, "ಒತ್ತಡ ಹೆಚ್ಚಿಸು" ಅನ್ನುತ್ತೇನೆ. ತೋರಿಸಲು ಒಂದು ಉಪಾಯ ಇದೆ. ಅವರ ತೋರುಬೆರಳನ್ನು ನನ್ನ ಬೆರಳಿನ ಮೇಲೆ ಇಡಿಸುತ್ತೇನೆ, ನನ್ನ ಬೆರಳೇ ಟ್ರಿಗರ್. ನಾನು ಎಷ್ಟು ನಿಧಾನ ಅಂದುಕೊಂಡಿರುತ್ತೇನೋ ಅದಕ್ಕಿಂತ ಮೂರು ಪಟ್ಟು ಜೋರಾಗಿ ಎಲ್ಲರೂ ಒತ್ತುತ್ತಾರೆ. ಆಮೇಲೆ ಅದಲು ಬದಲು. ನಾನು ಒತ್ತುತ್ತೇನೆ, ಅವರು ಕಣ್ಣು ಮುಚ್ಚಿ ಅನುಭವಿಸುತ್ತಾರೆ. "ಓ, ಇಷ್ಟು ಮೆತ್ತಗಾ!" ಅನ್ನುವ ಮಾತು ಬರುತ್ತದೆ. ಅರ್ಧ ಗಂಟೆಯ ಭಾಷಣಕ್ಕಿಂತ ಈ ಒಂದು ನಿಮಿಷ ಮೇಲು.

ಉಸಿರು ಸರಳ. ಒಳಗೆ ತೆಗೆದುಕೊಂಡು, ಅರ್ಧಕ್ಕಿಂತ ಜಾಸ್ತಿ ಬಿಟ್ಟು, ಅಲ್ಲಿ ಸ್ವಲ್ಪ ನಿಲ್ಲಿಸಬೇಕು. ಐದರಿಂದ ಎಂಟು ಸೆಕೆಂಡಿನೊಳಗೆ ಈಡು ಹೋಗಬೇಕು. ಹೋಗಲಿಲ್ಲವಾ, ಬಂದೂಕು ಇಳಿಸಿ ಮತ್ತೆ ಶುರು. ಮೊದಲು ಸೋಲುವುದು ಕಣ್ಣು, ಆದರೆ ಅದು ಸೋತದ್ದು ನಮಗೆ ಗೊತ್ತಾಗುವುದಿಲ್ಲ. ಇಳಿಸುವುದು ಸೋಲಲ್ಲ ಅಂತ ಮೊದಲೇ ಹೇಳಿಬಿಡಿ. ನನ್ನ ಜೊತೆ ಬಂದವರು ಮೊದಲ ಹತ್ತು ಈಡಿನಲ್ಲಿ ಮೂರು ಸಲ ಇಳಿಸಿದರೆ ನನಗೆ ಖುಷಿ.

ಈಡು ಹೋದ ಮೇಲೆ ಎರಡು ಸೆಕೆಂಡು ಹಾಗೇ ಇರಬೇಕು. ತಲೆ ಎತ್ತಬಾರದು, ಬೆರಳು ಬಿಡಬಾರದು. ಟ್ರಿಗರ್ ಬಿದ್ದ ಮೇಲೂ ಪೆಲೆಟ್ ನಳಿಗೆಯೊಳಗೆ ಕ್ಷಣಮಾತ್ರ ಓಡುತ್ತಿರುತ್ತದೆ. ಎಲ್ಲಿ ತಾಗಿತು ಅಂತ ನೋಡುವ ಆತುರ ಅದಕ್ಕೂ ಮುಂಚೆಯೇ ಕುತ್ತಿಗೆಯಲ್ಲಿ ಶುರುವಾಗಿರುತ್ತದೆ.

ಖಾಲಿ ಬಂದೂಕಿನಲ್ಲಿ ಇದನ್ನೆಲ್ಲ ಹತ್ತು ಸಲ ಮಾಡಿಸಿ. ಮ್ಯಾಚ್ ಏರ್ ರೈಫಲ್‌ಗಳಲ್ಲಿ ಗಾಳಿ ಬಿಡದೆ ಟ್ರಿಗರ್ ಮಾತ್ರ ಬೀಳಿಸುವ ಸೌಕರ್ಯ ಸಾಮಾನ್ಯವಾಗಿ ಇರುತ್ತದೆ. ಸ್ಪ್ರಿಂಗ್ ಬಂದೂಕಿನಲ್ಲಿ ಮಾತ್ರ ಹಾಗೆ ಮಾಡಬೇಡಿ, ಪೆಲೆಟ್ ಇಲ್ಲದೆ ಹೊಡೆದರೆ ಪಿಸ್ಟನ್ ಹೋಗಿ ಗುದ್ದಿ ಹಾಳಾಗುತ್ತದೆ. .22ರಲ್ಲೂ ಮದ್ದಿಲ್ಲದ ನಕಲಿ ಕಾರ್ತೂಸು ಹಾಕದೆ ಬೇಡ.

ಮೊದಲ ಐದು ಪೆಲೆಟ್

ಕಾಗದವನ್ನು ತಿರುವಿ ಹಾಕಿ. ಹೌದು, ಬಿಳಿ ಬೆನ್ನು ಮುಂದೆ. 10 ಮೀಟರ್ ಏರ್ ರೈಫಲ್ ಗುರಿಯಲ್ಲಿ ಹತ್ತು ಅನ್ನುವುದು ಅರ್ಧ ಮಿಲಿಮೀಟರ್ ಚುಕ್ಕೆ. ಇಡೀ ವೃತ್ತಗಳ ಗುಂಪೇ 45.5 ಮಿಲಿಮೀಟರ್. ಅದನ್ನು ಮೊದಲ ದಿನವೇ ಮುಂದಿಟ್ಟರೆ ಹೊಸಬರಿಗೆ ಕಾಣುವುದು ತಾವು ತಪ್ಪಿದ್ದು ಮಾತ್ರ. ಬಿಳಿ ಕಾಗದದಲ್ಲಿ ಅಂಕಿ ಇಲ್ಲ, ತಪ್ಪೂ ಇಲ್ಲ. "ನಡುಮಧ್ಯೆ ಅಂತ ನಿನಗನಿಸಿದ ಕಡೆ ಹೊಡಿ" ಅಂದರೆ ಸಾಕು. ಚುಕ್ಕೆ ಬೇಕೇ ಬೇಕು ಅಂದರೆ ಏರ್ ಪಿಸ್ತೂಲಿನ ಗುರಿ ಹಾಕಿ, ಅದು 155.5 ಮಿಲಿಮೀಟರ್ ಅಗಲ.

ಒಂದು ಸಲಕ್ಕೆ ಒಂದೇ ಪೆಲೆಟ್ ಕೊಡಿ, ಡಬ್ಬಿ ನಿಮ್ಮ ಹತ್ತಿರ ಇರಲಿ. ಪೆಲೆಟ್‌ನ ಚಪ್ಪಟೆ ತಲೆ ಮುಂದೆ, ಲಂಗದಂತಿರುವ ಟೊಳ್ಳು ಭಾಗ ಹಿಂದೆ. ಮೂವರಲ್ಲಿ ಒಬ್ಬರು ತಿರುಗಾಮುರುಗಾ ಹಾಕುತ್ತಾರೆ. ಬೈಯಬೇಡಿ. .22 ಆದರೂ ಅಷ್ಟೇ, ಮ್ಯಾಗಜೀನಿನಲ್ಲಿ ಐದು ಹತ್ತು ಜಾಗವಿದ್ದರೂ ಹಾಕುವುದು ಒಂದೇ ಗುಂಡು.

ಕಾರಣ ಇದು. ಮೊದಲ ಈಡು ತಾಗಿದಾಗ ಮನುಷ್ಯ ಏನು ಮಾಡುತ್ತಾನೆ ಗೊತ್ತಾ? "ತಾಗ್ತಾ? ನೋಡಿದ್ಯಾ?" ಅಂತ ನಗುತ್ತಾ ಹಿಂದಕ್ಕೆ ತಿರುಗುತ್ತಾನೆ. ಬಂದೂಕು ಸಮೇತ. ಒಳ್ಳೆ ಓದಿದವರು, ಸಮಾಧಾನದವರು, ಕೋಲಿನ ಪಾಠದಲ್ಲಿ ಪಾಸಾದವರು, ಎಲ್ಲರೂ. ಅವತ್ತು ಅಕ್ಕನೂ ತಿರುಗಿದಳು. ನಾನು ಟ್ರಿಗರ್ ಕೈ ಕಡೆ ನಿಂತಿದ್ದೆ, ನಳಿಗೆಯ ಕೆಳಗೆ ಅಂಗೈ ಕೊಟ್ಟು ಮುಂದಕ್ಕೇ ಹಿಡಿದೆ. ಬಂದೂಕು ಖಾಲಿ ಇತ್ತು, ಯಾಕೆಂದರೆ ಇದ್ದದ್ದೇ ಒಂದು ಪೆಲೆಟ್. ಕೂಗಾಡಲಿಲ್ಲ. "ಬಂದೂಕು ಕೆಳಗಿಡು, ಆಮೇಲೆ ನಗು" ಅಂದೆ. ಅಷ್ಟರ ಮೇಲೆ ಅವಳು ತಿರುಗಲಿಲ್ಲ.

ಐದು ಆದ ಮೇಲೆ ಕಾಗದ ತರಿಸಿ ಇಬ್ಬರೂ ನೋಡಿ. ನಡುಮಧ್ಯೆ ಎಷ್ಟು ಬಿತ್ತು ಅಂತ ಅಲ್ಲ, ಐದೂ ತೂತು ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ಅಂತ. ಮೂಲೆಯಲ್ಲಿ ಒಂದೇ ಕಡೆ ಗುಂಪಾಗಿದ್ದರೆ ಹೊಡೆದವರು ಗೆದ್ದ ಹಾಗೆ. ಅದನ್ನು ನಡುವಿಗೆ ತರಲು ಸೈಟ್‌ನ ತಿರುಗುಗುಂಡಿ ಇದೆ, ಅದು ನಿಮ್ಮ ಕೆಲಸ. ಚೆದುರಿದ್ದರೆ ಸೈಟ್ ಮುಟ್ಟಲೇಬೇಡಿ. ಒಂದೊಂದು ಈಡಿಗೂ ಸೈಟ್ ತಿರುಗಿಸುವವರು ತಮ್ಮ ತಪ್ಪಿನ ಹಿಂದೆ ತಾವೇ ಓಡುತ್ತಿರುತ್ತಾರೆ. ಚೆದುರಿದ ಗುಂಪಿಗೆ ಒಂದೇ ಒಂದು ಮಾತು ಹೇಳಿ. ಎರಡಲ್ಲ. ಈ ಸಲ ಕಣ್ಣು, ಮುಂದಿನ ಐದಕ್ಕೆ ಬೆರಳು.

ಕೆಡುವುದು ಎಲ್ಲಿ

ಹೆದರಿ ಬೆಚ್ಚುವುದು ಏರ್ ರೈಫಲ್‌ನಲ್ಲಿ ಕಡಿಮೆ, .22ಗೆ ಬಂದಾಗ ಶುರುವಾಗುತ್ತದೆ. ತೂತುಗಳು ಒಂದೇ ಸಮ ಕೆಳಗೆ ಬೀಳುತ್ತಿದ್ದರೆ ಅನುಮಾನ ಪಡಿ. ಔಷಧ ಹಳೆಯದು: ಅವರಿಗೆ ಗೊತ್ತಾಗದ ಹಾಗೆ ಮಧ್ಯೆ ಮಧ್ಯೆ ನಕಲಿ ಕಾರ್ತೂಸು ಹಾಕಿ ಕೊಡಿ. ಟಿಕ್ ಅಂತ ಸದ್ದಾಗುತ್ತದೆ, ಗುಂಡು ಹೋಗುವುದಿಲ್ಲ, ಆದರೂ ನಳಿಗೆ ತಲೆ ಬಗ್ಗಿಸುತ್ತದೆ. ಅದನ್ನು ಕಣ್ಣಾರೆ ಕಂಡವರಿಗೆ ಬೇರೆ ವಿವರಣೆ ಬೇಡ. ನನ್ನ ಒಂದು ವರ್ಷದ ಚಟ ಬಿಟ್ಟದ್ದೂ ಹೀಗೇ.

ಟ್ರಿಗರ್ ಬಿದ್ದರೂ ಗುಂಡು ಸಿಡಿಯಲಿಲ್ಲ ಅಂದರೆ ನಳಿಗೆ ಗುರಿಯ ಕಡೆಯೇ ಇರಲಿ, 30 ಸೆಕೆಂಡು ಕಾಯಿರಿ, ಇನ್ನೊಂದು ಕೈ ಎತ್ತಿ ಮೇಲ್ವಿಚಾರಕರನ್ನು ಕರೆಯಿರಿ. ತಡವಾಗಿ ಸಿಡಿಯುವುದೂ ಉಂಟು. ಸದ್ದು ಯಾವತ್ತಿನದಕ್ಕಿಂತ ಮೆತ್ತಗೆ ಬಂತು ಅಂದರೆ ಇನ್ನೊಂದು ಗುಂಡು ಹಾಕಲೇಬೇಡಿ. ಹಿಂದಿನದು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು.

ಪಕ್ಕದವರ ಗುರಿಗೆ ಹೊಡೆಯುವುದೂ ಮಾಮೂಲು. ಹೊಸಬರು ನಾಚಿಕೊಂಡರೆ ಮ್ಯಾಥ್ಯೂ ಎಮ್ಮನ್ಸ್ ಕಥೆ ಹೇಳಿ. 2004ರ ಅಥೆನ್ಸ್ ಒಲಿಂಪಿಕ್ಸ್, 50 ಮೀಟರ್ ರೈಫಲ್ ಮೂರು ಭಂಗಿಗಳ ಫೈನಲ್. ಅಮೆರಿಕದ ಎಮ್ಮನ್ಸ್ ಮುಂದಿದ್ದರು, ಕೊನೆಯ ಈಡು ಬಾಕಿ. ಎರಡನೇ ಲೇನಿನಲ್ಲಿ ನಿಂತು ಮೂರನೇ ಲೇನಿನ ಗುರಿಗೆ ಹೊಡೆದರು. ಸೊನ್ನೆ. ಚಿನ್ನ ಹೋಗಿ ಎಂಟನೇ ಜಾಗ. ಅದಕ್ಕೇ ಪ್ರತಿ ಸಲ ಬಂದೂಕು ಎತ್ತುವ ಮುಂಚೆ ಲೇನ್ ನಂಬರ್ ಓದುವ ಅಭ್ಯಾಸ ಮಾಡಿಸಿ.

ಕೆಲವರಿಗೆ ಬಂದೂಕು ಮುಟ್ಟಿದ ಮೇಲೆ ಬೇಡ ಅನಿಸುತ್ತದೆ. ಕೈ ನಡುಗುತ್ತದೆ, ಕಣ್ಣಲ್ಲಿ ನೀರೂ ಬರಬಹುದು. ಒತ್ತಾಯ ಮಾಡಬೇಡಿ. "ಇನ್ನೊಂದೇ ಒಂದು" ಅನ್ನಲೂ ಬೇಡಿ. ಬಂದೂಕು ಇಡಿಸಿ, ಹೊರಗೆ ಕರೆದುಕೊಂಡು ಹೋಗಿ.

ನಿಲ್ಲಿಸುವುದು ಯಾವಾಗ

ಮೂವತ್ತು, ಹೆಚ್ಚೆಂದರೆ ನಲವತ್ತು ಪೆಲೆಟ್. ಒಂದು ಗಂಟೆಯೊಳಗೆ. ಗುಂಪು ಚೆನ್ನಾಗಿ ಕೂಡಿ ಬರುತ್ತಿರುವಾಗಲೇ ನಿಲ್ಲಿಸಿ. ಸುಸ್ತಾದ ಮೇಲೆ ಮತ್ತೆ ಚೆದುರುತ್ತದೆ, ಮನೆಗೆ ಹೋಗುವಾಗ ತಲೆಯಲ್ಲಿ ಉಳಿಯುವುದು ಆ ಚೆದುರಿದ ಕಾಗದ. ಅವರು ಇನ್ನೂ ಹೊಡೆಯಬೇಕು ಅಂತ ಬೇಡಿಕೊಂಡರೂ ನಾನು ಡಬ್ಬಿ ಮುಚ್ಚುತ್ತೇನೆ.

ಹೊರಗೆ ಬಂದ ತಕ್ಷಣ ಕೈ ತೊಳೆಸಿ. ತಣ್ಣೀರು, ಸೋಪು, ಆಮೇಲೆ ಮುಖ. ಪೆಲೆಟ್ಟೂ ಗುಂಡೂ ಸೀಸದ್ದು, ಬೆರಳಿಗೆ ಅಂಟಿದ್ದು ಬಾಯಿಗೆ ಹೋಗಬಾರದು. ಅದೇ ಕಾರಣಕ್ಕೆ ಹೊಡೆಯುವ ಜಾಗದಲ್ಲಿ ತಿನ್ನುವುದು ಕುಡಿಯುವುದು ಬೇಡ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎತ್ತಿಕೊಳ್ಳುವ ಮುಂಚೆ ಬಟ್ಟೆ ಬದಲಾಯಿಸಲಿ. ಬಸುರಿಯರು ಡಾಕ್ಟರನ್ನು ಕೇಳದೆ ರೇಂಜಿಗೆ ಬರುವುದು ಬೇಡ. ಸೀಸದ ಜೊತೆ ಸದ್ದಿನ ವಿಚಾರವೂ ಇದೆ.

ಎರಡನೇ ಸಲ ಬಂದರೆ ಮತ್ತೆ ಕೂರಿಸಿಯೇ ಶುರು ಮಾಡಿ, ಐದು ಪೆಲೆಟ್ ಆದ ಮೇಲೆ ಎದ್ದು ನಿಂತು ಹೊಡೆಸಿ ನೋಡಿ. ಕಾಗದವನ್ನು ಆಗ ಸರಿಯಾದ ಕಡೆಗೆ ತಿರುಗಿಸಬಹುದು. ಮೂರನೇ ಸಲದ ಹೊತ್ತಿಗೆ ಅಲ್ಲಿಯ ಕೋಚ್ ಕೈಗೆ ಒಪ್ಪಿಸಿ. ನಿಂತು ಹೊಡೆಯುವ ಭಂಗಿ, ಜಾಕೆಟ್, ತೋಳಿಗೆ ಬಿಗಿಯುವ ಪಟ್ಟಿ (ಸ್ಲಿಂಗ್) ಇವೆಲ್ಲ ಅವರ ಹತ್ತಿರ ಕಲಿಯುವಂಥವು. ಬಂದೂಕು ಕೊಂಡುಕೊಳ್ಳುವ ಮಾತು ಇನ್ನೂ ದೂರ ಇರಲಿ, ರೇಂಜಿನದ್ದೇ ಸಾಕು.

ಮೊದಲ ಕಾಗದದ ಮೇಲೆ ತಾರೀಕು ಬರೆದು ಅವರ ಕೈಗೇ ಕೊಟ್ಟುಬಿಡಿ. ಅಕ್ಕನದ್ದರಲ್ಲಿ ಕೆಳಗಿನ ಎಡ ಮೂಲೆಯಲ್ಲಿ ನಾಲ್ಕು ತೂತು ಹತ್ತಿರ ಹತ್ತಿರ, ಐದನೆಯದು ಎಲ್ಲೋ. ಮೂರು ವಾರ ಬಿಟ್ಟು ಅವಳೇ ಫೋನ್ ಮಾಡಿದಳು. "ಭಾನುವಾರ ಹೋಗೋಣ್ವಾ?" ಅಂದಳು. ಭಾನುವಾರ ಬಂದಾಗ ಕನ್ನಡಕದ ಎಡಗಾಜಿಗೆ ಟೇಪ್ ಮನೆಯಲ್ಲೇ ಅಂಟಿಸಿಕೊಂಡಿದ್ದಳು, ಸ್ವಲ್ಪ ಸೊಟ್ಟಗೆ.